ಗಂಟೆಗೆ 220, ಗಂಟೆಗೆ 26, ಇನ್ನೊಂದು ಪುಕ್ಕಟೆ: ದಾವಣಗೆರೆಯಲ್ಲಿ ನಾವು ನೋಡಿದ ಮೂರು ಶಿಶುವಿಹಾರ

ಚಾಮರಾಜಪೇಟೆಯ ಒಂದು ಹೋಲ್‌ಸೇಲ್ ಬಟ್ಟೆ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮನೆ ನಿಟುವಳ್ಳಿಯಲ್ಲಿ. ಮಗನಿಗೆ ಈಗ ಮೂರೂವರೆ ವರ್ಷ ದಾಟಿದೆ. ಬರುವ ಜೂನ್‌ಗೆ ಅವನನ್ನು ಎಲ್ಲಿಗೆ ಸೇರಿಸೋದು ಅನ್ನೋ ಮಾತು ಮನೆಯಲ್ಲಿ ಶುರುವಾಯಿತು. ನಾನು ಸುಮ್ನೆ ಎದ್ದು ಹೋಗಿ ಹಳೇ ಖರ್ಚಿನ ಪುಸ್ತಕ ತಂದು ಕೂತೆ.

ಮಗಳ ಸರದಿಯಲ್ಲಿ ನಾವು ಮೂರು ಕಡೆ ನೋಡಿದ್ದೇವೆ. ಬೇಕಂತಲೇ ಪರೀಕ್ಷೆ ಮಾಡಿದ್ದಲ್ಲ. ಒಂದು ಕಡೆ ಸರಿಹೋಗಲಿಲ್ಲ, ಇನ್ನೊಂದು ಕಡೆ ಹೋದೆವು, ಅಷ್ಟೇ. ಮೊದಲನೆಯದು ಎಂ.ಸಿ.ಸಿ. ಬಿ ಬ್ಲಾಕ್ ಕಡೆಯ ಪ್ಲೇ ಸ್ಕೂಲ್, ಊರೂರಲ್ಲಿ ಬ್ರಾಂಚ್ ಇರುವಂಥದ್ದು. ಹೆಸರು ಬೇಡ. ಎರಡನೆಯದು ನಮ್ಮ ಬೀದಿ ಕೊನೆಯ ಅಂಗನವಾಡಿ. ಮೂರನೆಯದು ಒಬ್ಬ ಮಿಸ್ ತಮ್ಮ ಮನೆಯ ಕೆಳಗಿನ ಹಾಲ್‌ನಲ್ಲಿ ನಡೆಸುವ ಶಿಶುವಿಹಾರ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ.

2022ರ ಜೂನ್‌ನಲ್ಲಿ ಮಗಳನ್ನು ಪ್ಲೇ ಸ್ಕೂಲಿಗೆ ಸೇರಿಸಿದಾಗ ಅವಳಿಗೆ ಇನ್ನೂ ಮೂರು ತುಂಬಿರಲಿಲ್ಲ. ಅಡ್ಮಿಷನ್ 15,000. ವರ್ಷದ ಫೀ 48,000, ಎರಡು ಕಂತು. 'ಕಿಟ್' ಅಂತ 6,500. ಅದರಲ್ಲಿ ಇದ್ದದ್ದು ಬ್ಯಾಗು, ಬಣ್ಣದ ಪುಸ್ತಕ, ಕ್ರೇಯಾನ್ಸ್, ಒಂದು ಟೋಪಿ. ಯೂನಿಫಾರ್ಮ್ 3,200. ವ್ಯಾನ್ ತಿಂಗಳಿಗೆ 1,100. ಮೇಲೆ ಹಳದಿ ದಿನ, ಹಣ್ಣಿನ ದಿನ, ಕೃಷ್ಣನ ವೇಷ ಅಂತ 2,350. ಡಿಸೆಂಬರ್‌ಗೆ ಬಿಡಿಸಿದೆವು. ಎರಡನೇ ಕಂತು ನವೆಂಬರ್‌ನಲ್ಲೇ ಕಟ್ಟಿಯಾಗಿತ್ತು, ವಾಪಸ್ ಕೊಡಲಿಲ್ಲ. ಒಟ್ಟು 82,750. ಅಪ್ಪ ಅಮ್ಮ ಬರಲೇಬೇಕಾದ ಕಾರ್ಯಕ್ರಮಗಳಿಗೆ ನಾನು ಮೂರು ದಿನ ಸಂಬಳ ಕಳೆದುಕೊಂಡೆ. ಆಗ ನನ್ನ ಸಂಬಳ 16,000, ದಿನಕ್ಕೆ 615. ಅದನ್ನೂ ಸೇರಿಸಿದರೆ 84,595. ಮಗಳು ಹೋಗಿದ್ದು 128 ದಿನ, ದಿನಕ್ಕೆ ಮೂರು ಗಂಟೆ. ಗಂಟೆಗೆ 220 ರೂಪಾಯಿ ಬಿತ್ತು. ನನ್ನ ದುಡಿಮೆ ಗಂಟೆಗೆ 77. ಈ ಎರಡು ಅಂಕಿ ಅಕ್ಕಪಕ್ಕ ಬರೆದ ದಿನ ನಮ್ಮ ಮನೆಯವರು ಪುಸ್ತಕ ಮುಚ್ಚಿಟ್ಟು ಹೊರಗೆ ಹೋದರು.

ಶಿಶುವಿಹಾರದ್ದು ಎರಡೇ ಸಾಲು. ಸೇರಿಸುವಾಗ 1,000, ತಿಂಗಳಿಗೆ 1,200ರಂತೆ ಹತ್ತು ತಿಂಗಳು, ಸ್ಲೇಟು ಪುಸ್ತಕಕ್ಕೆ 600. ಒಟ್ಟು 13,600. ಮಿಸ್ ಮನೆಯಲ್ಲಿ ಮದುವೆ ಅಂತ ಆರು ದಿನ ಬಾಗಿಲು ಹಾಕಿದ್ದರು. ಅತ್ತೆಯೂ ಆ ವಾರ ಊರಲ್ಲಿರಲಿಲ್ಲ. ನಾನೇ ರಜೆ ಹಾಕಿದೆ, 3,690 ಹೋಯಿತು. 190 ದಿನ, ದಿನಕ್ಕೆ ಮೂರೂವರೆ ಗಂಟೆ. ಗಂಟೆಗೆ 26 ರೂಪಾಯಿ.

ಅಂಗನವಾಡಿಗೆ ನಾನು ಖರ್ಚು ಮಾಡಿದ್ದು ಒಂದು ನೀರಿನ ಬಾಟಲಿಗೆ.

ಆ ಬಾಟಲಿಯಿಂದಲೇ ಗುಣಮಟ್ಟದ ಮಾತು ಶುರು ಮಾಡಬೇಕು. ಪ್ಲೇ ಸ್ಕೂಲಿಗೆ ಸೇರಿಸಿದ ಎರಡನೇ ತಿಂಗಳಿಂದ ಮಗಳ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ವ್ಯಾನ್ ಇಳಿದವಳೇ ಚಪ್ಪಲಿ ಸಮೇತ ಬಚ್ಚಲಿಗೆ ಓಡುತ್ತಿದ್ದಳು. ನಾವು ನಕ್ಕು ಸುಮ್ಮನಾಗಿದ್ದೆವು. ಸೆಪ್ಟೆಂಬರ್‌ನಲ್ಲಿ ಎರಡು ಸಲ ಒದ್ದೆ ಚಡ್ಡಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಬಂತು. ಜೊತೆಗೆ ಡೈರಿಯಲ್ಲಿ ಒಂದು ಸಾಲು: ಮನೆಯಲ್ಲಿ ಟಾಯ್ಲೆಟ್ ಅಭ್ಯಾಸ ಮಾಡಿಸಿ. ಅವಳಿಗೆ ಎರಡು ವರ್ಷಕ್ಕೇ ಅಭ್ಯಾಸ ಆಗಿತ್ತು! ಆಮೇಲೆ ಜ್ವರ, ಮೂತ್ರದ ಸೋಂಕು. ಮಕ್ಕಳ ಡಾಕ್ಟರ್ ಔಷಧಿ ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಶಾಲೇಲಿ ನೀರು ಕುಡೀತಾಳಾ?"

ಕಾರಣ ತಿಳಿಯೋಕೆ ವ್ಯಾನಿನ ಅಣ್ಣನೇ ಬೇಕಾಯಿತು. ಆ ಶಾಲೆಯಲ್ಲಿ ಇಂಗ್ಲಿಷ್‌ನಲ್ಲಿ ಕೇಳಿದರೆ ಮಾತ್ರ ಕಳಿಸುತ್ತಿದ್ದರಂತೆ. 'ಮೇ ಐ ಗೋ' ಅಂತ ಪೂರ್ತಿ ಹೇಳಬೇಕು. ಮನೆಯಲ್ಲಿ ನಮ್ಮ ಹುಡುಗಿ 'ಅಜ್ಜಿ ಮನೆಗೆ ಹೋಗ್ಬೇಕು' ಅಂದರೆ ಒಂದಕ್ಕೆ ಬಂದಿದೆ ಅಂತ ಅರ್ಥ. ಯಾಕೆ ಹಾಗೆ ಅಂತ ನಮಗೂ ಗೊತ್ತಿಲ್ಲ. ಅಲ್ಲಿ ಪಾಪ ಅವಳು ಅಜ್ಜಿ ಮನೆ ಅಂದಾಗಲೆಲ್ಲ 'ಶಾಲೆ ಬಿಟ್ಟ ಮೇಲೆ ಹೋಗೋಣ' ಅಂತ ಸಮಾಧಾನ ಮಾಡಿದ್ದಾರೆ. ಅವರದ್ದೂ ಪೂರ್ತಿ ತಪ್ಪು ಅನ್ನಲಾರೆ. ಏಳು ತಿಂಗಳಲ್ಲಿ ಮೂರು ಟೀಚರ್ ಬದಲಾದರು. ಒಬ್ಬರಿಗೆ ಅವಳ ಭಾಷೆ ಅರ್ಥ ಆಗುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಿದ್ದರು. ಕೊನೆಗೆ ಬಿಟ್ಟುಹೋದ ಹುಡುಗಿ ಒಂದು ದಿನ ನಮ್ಮ ಅಂಗಡಿಗೇ ಚೂಡಿದಾರ್ ಪೀಸ್ ತಗೊಳ್ಳೋಕೆ ಬಂದಿದ್ದಳು. ಸಂಬಳ ಎಷ್ಟಿತ್ತಮ್ಮ ಅಂದೆ. ಎಂಟು ಸಾವಿರ ಅಕ್ಕ ಅಂದಳು. ಒಂದು ಕ್ಲಾಸಿನಲ್ಲಿ ಹದಿನಾಲ್ಕು ಮಕ್ಕಳು. ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ. ದುಡ್ಡೆಲ್ಲ ಗೋಡೆಯ ಬಣ್ಣಕ್ಕೆ, ಎ.ಸಿ.ಗೆ, ಬೋರ್ಡಿನ ಮೇಲಿನ ಹೆಸರಿಗೆ ಹೋಗುತ್ತಿತ್ತು.

ಶಿಶುವಿಹಾರದಲ್ಲಿ ಮಕ್ಕಳು ಮೂವತ್ತೊಂದು. ಒಬ್ಬರೇ ಮಿಸ್, ಒಬ್ಬರೇ ಆಯಾ. ಇದು ಜಾಸ್ತಿ, ಅನುಮಾನವೇ ಇಲ್ಲ. 2013ರ ರಾಷ್ಟ್ರೀಯ ಶಿಶು ಶಿಕ್ಷಣ ನೀತಿಯ ಪ್ರಕಾರ ಮೂರರಿಂದ ಆರು ವರ್ಷದ ಇಪ್ಪತ್ತು ಮಕ್ಕಳಿಗೆ ನೋಡಿಕೊಳ್ಳುವ ದೊಡ್ಡವರು ಒಬ್ಬರಿರಬೇಕು. ಟೀಚರ್ ಒಬ್ಬರನ್ನೇ ಲೆಕ್ಕ ಹಿಡಿದರೆ ದುಬಾರಿ ಶಾಲೆ ಪಾಸು, ಇದು ಫೇಲು. ಆದರೆ ಇಲ್ಲಿಂದ ಬಾಟಲಿ ಖಾಲಿಯಾಗಿ ಬರುತ್ತಿತ್ತು. ಒಂದು ದಿನ ಹನ್ನೊಂದು ಗಂಟೆಗೆ ಹೋಗಿ ಗೇಟಿನ ಹತ್ತಿರ ನಿಂತು ನೋಡಿದೆ. ಆಯಾ ಅಂದರೆ ಅರವತ್ತು ದಾಟಿದ ಅಜ್ಜಿ. ಸೆರಗಿನ ತುದಿಯನ್ನು ಮುಂದಿನ ಮಗುವಿನ ಕೈಗೆ ಕೊಟ್ಟು, "ಹರಿಹರ ಪ್ಯಾಸೆಂಜರ್ ಹತ್ತೋರು ಬರ್ರೋ" ಅಂತ ಕೂಗಿದರು. ಒಬ್ಬರ ಅಂಗಿ ಒಬ್ಬರು ಹಿಡಿದು ಹತ್ತು ಮಕ್ಕಳ ರೈಲು ಹಿತ್ತಲಿಗೆ ಹೋಯಿತು, ಕೈ ತೊಳೆದು ವಾಪಸ್ ಬಂತು, ಎಲ್ಲರೂ ನೀರು ಕುಡಿದರು. ಆಮೇಲೆ ಇನ್ನೊಂದು ರೈಲು. ಬಂದಿಲ್ಲ ಅಂದವರನ್ನೂ ಬಿಡಲಿಲ್ಲ. ಪ್ಲೇ ಸ್ಕೂಲಿನ ಮೊಬೈಲ್ ಆ್ಯಪ್‌ನಲ್ಲಿ ದಿನಾ ನಾಲ್ಕು ಫೋಟೋ ಬರುತ್ತಿದ್ದವು. ಇಂಥದ್ದೊಂದು ಬಂದಿರಲಿಲ್ಲ.

ಇನ್ನು ಪಾಠ. ಇಲ್ಲಿ ಶಿಶುವಿಹಾರದ ಬಗ್ಗೆ ನನಗೆ ಸಿಟ್ಟಿದೆ. ನಾಲ್ಕು ತುಂಬುವ ಮೊದಲೇ ಅಡ್ಡಗೆರೆ, ಉದ್ದಗೆರೆ. ದೀಪಾವಳಿ ಹೊತ್ತಿಗೆ ಅ ಆ ಇ ಈ. ಸಂಕ್ರಾಂತಿಗೆ ಒಂದರಿಂದ ಐವತ್ತು, ಪುಟಗಟ್ಟಲೆ. ಮಗಳು ಪೆನ್ಸಿಲನ್ನು ಮುಷ್ಟಿ ಕಟ್ಟಿ ಹಿಡಿದು ಒತ್ತಿ ಬರೆದು, ರಾತ್ರಿ ಬೆರಳು ನೋವು ಅನ್ನುತ್ತಿದ್ದಳು. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ ಅಂತ ಇಟ್ಟು, ಆಟದ ಮೂಲಕವೇ ಕಲಿಸಿ ಅನ್ನುತ್ತದೆ. ಮಿಸ್‌ಗೆ ಹೇಳಿದೆ. ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ. "ನಾ ಬರೆಸ್ಲಿಲ್ಲ ಅಂದ್ರೆ ಸಂಕ್ರಾಂತಿಗೆ ನಿಮ್ಮಂಥೋರೇ ಬಂದು, ಪಕ್ಕದ್ಮನೆ ಹುಡುಗ ಎ ಬಿ ಸಿ ಡಿ ಬರೀತಾನೆ, ನಮ್ಮದಿನ್ನೂ ಯಾಕಿಲ್ಲ ಅಂತೀರಿ" ಅಂದರು. ಬಾಯಿ ಮುಚ್ಚಿಕೊಂಡು ಬಂದೆ. ಹಿಂದಿನ ವರ್ಷ ನಾನೇ ಹಾಗೆ ಕೇಳಿದ್ದೆ, ಇನ್ನೊಂದು ಶಾಲೆಯಲ್ಲಿ.

ಪ್ಲೇ ಸ್ಕೂಲಿನ ಬೋರ್ಡಿನಲ್ಲಿ ಮಾಂಟೆಸ್ಸರಿ ಅಂತ ದೊಡ್ಡದಾಗಿ ಇತ್ತು. ಈ ಹೆಸರು ನೋಡಿ ಯಾರೂ ಮರುಳಾಗಬೇಡಿ. ಅದು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬೋರ್ಡಿಗೆ ಬರೆಸಿಕೊಳ್ಳುತ್ತಾರೆ. ಆ ಪದ್ಧತಿಯಲ್ಲಿ ಗುಲಾಬಿ ಬಣ್ಣದ ಹತ್ತು ಮರದ ಘನಗಳಿರುತ್ತವೆ. ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ. ಮಗು ತಾನೇ ಎತ್ತಿ ತಂದು, ದೊಡ್ಡದರ ಮೇಲೆ ಚಿಕ್ಕದು ಇಟ್ಟು ಗೋಪುರ ಕಟ್ಟಬೇಕು. ತಪ್ಪಿದರೆ ಕಣ್ಣಿಗೇ ಗೊತ್ತಾಗುತ್ತದೆ, ಟೀಚರ್ ಬಯ್ಯುವುದೇ ಬೇಕಿಲ್ಲ. ನಮ್ಮ ಶಾಲೆಯಲ್ಲೂ ಆ ಗೋಪುರ ಇತ್ತು, ಆಫೀಸಿನ ಗಾಜಿನ ಕಪಾಟಿನೊಳಗೆ. ಏಳು ತಿಂಗಳಲ್ಲಿ ಮಗಳು ಅದನ್ನು ಮುಟ್ಟಲಿಲ್ಲ.

ಇದನ್ನು ನಮ್ಮ ಮಾವನಿಗೆ ಹೇಳಿದಾಗ ಒಂದು ತಮಾಷೆ ಆಯಿತು. ಅವರು ಹತ್ತಿ ಮಿಲ್ಲಿನಲ್ಲಿ ದುಡಿದವರು, ದಾವಣಗೆರೆ ಮಿಲ್ಲುಗಳ ಊರಾಗಿದ್ದ ಕಾಲದಲ್ಲಿ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮೊದಲ ಶಾಲೆ ತೆರೆದದ್ದು ಕೂಲಿಗೆ ಹೋಗುವವರ ಮಕ್ಕಳಿಗೆ ಅಂದೆ. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮಕ್ಕಳು ಬೀದಿಯಲ್ಲಿರುತ್ತಿದ್ದವು, ಅವಕ್ಕೆ ಒಂದು ಮನೆ ಅಂತ. "ಹಂಗಾದ್ರೆ ಅದು ನಮ್ಮಂಥೋರ ಸ್ಕೂಲಲ್ಲೇನವ್ವ? ಎಂಬತ್ತು ಸಾವಿರ ಯಾಕ್ ಕೊಟ್ರಿ?" ಅಂದರು. ಉತ್ತರ ಇರಲಿಲ್ಲ.

ಅಂಗನವಾಡಿಗೆ ಹೋಗಿದ್ದು 2023ರ ಜನವರಿಯಿಂದ ಮಾರ್ಚ್‌ವರೆಗೆ, ಬರೀ ಮೂರು ತಿಂಗಳು. ಓಣಿಯ ಹೆಂಗಸರು "ಅಂಗನವಾಡಿಗಾ?" ಅಂತ ಹುಬ್ಬೇರಿಸಿದರು. ಅವರ ಮನಸ್ಸಿನಲ್ಲಿ ಅದು ಹಾಲಿನ ಪುಡಿ ಕೊಡುವ ಜಾಗ. ಆದರೆ ಮಗಳು ಮಳೆ ಹಾಡು, ಆನೆ ಹಾಡು ಅಭಿನಯ ಸಮೇತ ಕಲಿತದ್ದು ಅಲ್ಲಿ. ಹುಣಸೆ ಬೀಜ ಎಣಿಸಿ ಐದೈದು ಗುಡ್ಡೆ ಹಾಕಲು ಕಲಿತದ್ದೂ ಅಲ್ಲೇ. ಮನೆಯಲ್ಲಿ ಮೊಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದವಳು, ಎಂಟು ಮಕ್ಕಳ ಸಾಲಿನಲ್ಲಿ ಕೂತು ಬೇಯಿಸಿದ ಮೊಟ್ಟೆ ತಾನೇ ಸುಲಿದು ತಿಂದಳು. ಟೀಚರ್ ಕಲಿಸುವ ರೀತಿ ಮೂರರಲ್ಲಿ ಇದೇ ಚೆನ್ನಾಗಿತ್ತು. ಇದನ್ನು ಅನುಮಾನವಿಲ್ಲದೆ ಹೇಳುತ್ತೇನೆ.

ತೊಂದರೆ ಅಂದರೆ ಟೀಚರ್ ಕೈಗೆ ಸಿಗುತ್ತಿರಲಿಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಗೆ ಆರು ಸೇವೆ ಹೊರಿಸಿದೆ. ಪಾಠ ಅದರಲ್ಲಿ ಒಂದು. ಉಳಿದವು ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ ಇತ್ಯಾದಿ. ಗರ್ಭಿಣಿಯರು, ಬಾಣಂತಿಯರು ಎಲ್ಲರೂ ಅವರ ಪಾಲಿಗೇ. ಇಷ್ಟರ ಮೇಲೆ ಎಲ್ಲವನ್ನೂ ಮೊಬೈಲ್‌ನಲ್ಲಿ ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪ್‌ಗೆ ತುಂಬಬೇಕು. ಆ ವರ್ಷ ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಇತ್ತು. ಮತದಾರರ ಪಟ್ಟಿ ಹಿಡಿದು ಮನೆ ಮನೆ ಸುತ್ತುವ ಕೆಲಸವೂ ನಮ್ಮ ಟೀಚರ್‌ಗೆ ಬಿತ್ತು. ವಾರದಲ್ಲಿ ಎರಡು ದಿನ ಸಹಾಯಕಿ ಒಬ್ಬರೇ ಇರುತ್ತಿದ್ದರು. ಅವರು ಅಡುಗೆ ಮಾಡಬೇಕೋ, ಮಕ್ಕಳನ್ನು ನೋಡಬೇಕೋ? ಶೌಚಾಲಯ ಇತ್ತು, ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಬಕೆಟ್ ಹೊತ್ತು ತರಬೇಕಿತ್ತು. ಸೋಂಕು ಆಗಿ ಎದ್ದ ಮಗು ಅಂತ ನನಗೆ ಧೈರ್ಯ ಬರಲಿಲ್ಲ. ಆ ನಲ್ಲಿ ಒಂದು ಸರಿ ಇದ್ದಿದ್ದರೆ ಬಹುಶಃ ಅಲ್ಲೇ ಬಿಡುತ್ತಿದ್ದೆ.

ದುಡ್ಡು ಉಳಿಸುವವರಿಗೆ ಎರಡು ಮಾತು, ಇದು ಲೆಕ್ಕದವಳಾಗಿ. ಹಳೇ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರು ನರ್ಸರಿ ಫೀಯನ್ನೂ ತೆರಿಗೆ ಕಡಿತಕ್ಕೆ ತೋರಿಸಬಹುದು (ಹಳೇ ಕಾಯ್ದೆಯಲ್ಲಿ 80ಸಿ, 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆಯಲ್ಲಿ 123ನೇ ಸೆಕ್ಷನ್). ಆದರೆ ಬೋಧನಾ ಶುಲ್ಕ ಮಾತ್ರ. ಡೊನೇಷನ್, ಡೆವಲಪ್‌ಮೆಂಟ್ ಅಂತ ಬರೆದದ್ದು ಬರುವುದಿಲ್ಲ. ನಮ್ಮ 48,000ದ ರಸೀದಿಯಲ್ಲಿ ಬೋಧನಾ ಶುಲ್ಕ ಅಂತ ಇದ್ದದ್ದು ಬರೀ 18,000. ಕಟ್ಟುವ ಮೊದಲೇ ರಸೀದಿ ಹೇಗೆ ಬರೀತೀರಿ ಅಂತ ಕೇಳಿ. ಇನ್ನೊಂದು, ವಯಸ್ಸು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವುದು ನಮ್ಮ ರಾಜ್ಯದ ನಿಯಮ. 2025-26ರಲ್ಲಿ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರಿಂದ ಮಗಳು ಪಾರಾದಳು. ಮಗ ಹುಟ್ಟಿದ್ದು 2022ರ ಸೆಪ್ಟೆಂಬರ್. ಅವನಿಗೆ ಆರು ತುಂಬಿ ಒಂದನೇ ಕ್ಲಾಸ್ ಸಿಗುವುದು 2029ರ ಜೂನ್‌ಗೆ. ಹೋದ ವರ್ಷ ಎರಡೂ ಮುಕ್ಕಾಲಕ್ಕೇ ತಳ್ಳಿದ್ದರೆ ಒಂದು ವರ್ಷದ ಫೀ ಸುಮ್ನೆ ದಂಡ ಆಗುತ್ತಿತ್ತು. ಬೇಗ ಕಳಿಸಿ ಅಂತ ಒತ್ತಾಯ ಮಾಡುವ ಶಾಲೆಯವರು ಈ ಲೆಕ್ಕ ಹೇಳುವುದಿಲ್ಲ, ಅಲ್ವಾ?

ಮನೆಯಲ್ಲಿ ಅಜ್ಜಿ ಇದ್ದು, ನಲ್ಲಿಯಲ್ಲಿ ನೀರಿದ್ದು, ಟೀಚರ್ ಇರುವ ದಿನ ಜಾಸ್ತಿ ಇದ್ದರೆ ಅಂಗನವಾಡಿಗೇ ಕಳಿಸಿ ಅನ್ನುತ್ತೇನೆ. ನಮ್ಮ ಕೇಂದ್ರಕ್ಕೆ ಈಚೆಗೆ ಹೋಗಿ ನೋಡಿಬಂದೆ. ನಲ್ಲಿ ಇನ್ನೂ ಹಾಗೇ ಇದೆ. ದುಬಾರಿ ಶಾಲೆಗೆ ಹೋಗಲೇಬೇಕು ಅನ್ನುವವರು ಕಟ್ಟಡ ನೋಡಬೇಡಿ. ಈಗಿರುವ ಟೀಚರ್ ಎಷ್ಟು ವರ್ಷದಿಂದ ಇದ್ದಾರೆ ಅಂತ ಅವರನ್ನೇ ಕೇಳಿ, ಆಫೀಸಿನವರನ್ನಲ್ಲ.

ನಾವು ಮಗನನ್ನು ಮತ್ತೆ ಅದೇ ಶಿಶುವಿಹಾರಕ್ಕೆ ಹಾಕುತ್ತಿದ್ದೇವೆ. ಫೀ ಈಗ 1,500 ಆಗಿದೆ. ಮೊದಲ ವರ್ಷ ಪೆನ್ಸಿಲ್ ಕೊಡಬೇಡಿ ಅಂದೆ. ಮಿಸ್ ಸ್ವಲ್ಪ ಯೋಚಿಸಿ, "ಒಂದೇ ವರ್ಷ ಮತ್ತೆ" ಅಂದರು. ಅಡ್ಮಿಷನ್ ಫಾರ್ಮ್ ಅಂದರೆ ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಹುಟ್ಟಿದ ತಾರೀಕು, ಎರಡು ಫೋನ್ ನಂಬರ್. ಪ್ಲೇ ಸ್ಕೂಲಿನ ಫಾರ್ಮ್ ನಾಲ್ಕು ಪುಟ ಇತ್ತು. ನಮ್ಮ ಡಿಗ್ರಿ, ಸಂಬಳ, ಮನೆಯಲ್ಲಿ ಇಂಗ್ಲಿಷ್ ಮಾತಾಡ್ತೀರಾ ಅನ್ನೋದು, ಎಲ್ಲ ಕೇಳಿದ್ದರು.

ಬರೆದು ಮುಗಿಸಿ ಎದ್ದಾಗ ಆಯಾ ಅಜ್ಜಿ ಬಾಗಿಲಲ್ಲಿ ಅಡ್ಡ ನಿಂತರು.

"ಇವ್ನು ಒಂದಕ್ಕೆ ಬಂದ್ರೆ ಏನಂತಾನವ್ವ?"

"ಟ್ಯಾಂಕರ್ ಬಂತು ಅಂತಾನೆ" ಅಂದೆ.

ಅಜ್ಜಿ ನಗಲಿಲ್ಲ. "ಟ್ಯಾಂಕರ್, ಟ್ಯಾಂಕರ್" ಅಂತ ಎರಡು ಸಲ ಬಾಯಲ್ಲೇ ಹೇಳಿಕೊಂಡು ಒಳಗೆ ಹೋದರು.