ಹೈಕೋರ್ಟ್ ಕಲಾಪದ ನೇರ ಪ್ರಸಾರ: ಉಡುಪಿಯ ಚಾವಡಿಯಿಂದ ಕಂಡಂತೆ

ನಮ್ಮ ಪಾಲು ವ್ಯಾಜ್ಯದಲ್ಲಿ ಕೆಳಗಿನ ನ್ಯಾಯಾಲಯವೊಂದು ಮುಖ್ಯ ದಾಖಲೆಯನ್ನೇ ಚರ್ಚಿಸದೆ ತೀರ್ಪು ಕೊಟ್ಟಾಗ, "ಇವರನ್ನು ಕೇಳುವವರು ಯಾರೂ ಇಲ್ಲವಾ ಮಗಾ?" ಎಂದು ಅಮ್ಮ ಕೇಳಿದ್ದರು. ಮೇಲ್ಮನವಿ ಬೆಂಗಳೂರಿಗೆ ಹೋದ ಮೇಲೆ, ಪ್ರತಿ ವಾಯಿದೆಗೂ ಶಿರಾಡಿ ಘಾಟಿಯ ರಾತ್ರಿ ಬಸ್ಸು ಹತ್ತುವ ಬದಲು, ಉಡುಪಿಯ ಮನೆಯ ಚಾವಡಿಯಲ್ಲೇ ಕುಳಿತು ಕರ್ನಾಟಕ ಹೈಕೋರ್ಟಿನ ಯೂಟ್ಯೂಬ್ ಪ್ರಸಾರ ನೋಡುತ್ತಿದ್ದೇವೆ.

ಅಮ್ಮನ ಪ್ರಶ್ನೆ ಸಣ್ಣದಲ್ಲ, ಅದು ಮೇಲಿನ ನ್ಯಾಯಾಲಯಗಳಿಗೂ ಸಲ್ಲುತ್ತದೆ. ಉನ್ನತ ನ್ಯಾಯಾಲಯಗಳ ನ್ಯಾಯಮೂರ್ತಿಯೊಬ್ಬರ ಪದಚ್ಯುತಿಗೆ ಲೋಕಸಭೆಯ 100 ಅಥವಾ ರಾಜ್ಯಸಭೆಯ 50 ಸದಸ್ಯರ ಸಹಿ, ತನಿಖೆ, ಎರಡೂ ಸದನಗಳ ವಿಶೇಷ ಬಹುಮತ ಬೇಕು, 1993ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ವಿರುದ್ಧದ ನಿರ್ಣಯ ಲೋಕಸಭೆಯಲ್ಲೇ ಬಿದ್ದುಹೋಯಿತು. ತೀರ್ಪು ತಪ್ಪಿತು ಎಂಬುದೊಂದೇ ದುರ್ನಡತೆಯಾಗುವುದಿಲ್ಲ, ಆಗಲೂ ಬಾರದು, ಏಕೆಂದರೆ ನೌಕರಿಯ ಭಯದಲ್ಲಿ ಬರೆದ ತೀರ್ಪು ಬಡವನ ಪರ ನಿಲ್ಲಲಾರದು. ಆದರೆ ಕಲಾಪ ಎಲ್ಲರ ಕಣ್ಣಿಗೆ ಬೀಳಬೇಕು. 2022ರ ಜನವರಿ 1ರಿಂದ ನಿಯಮಬದ್ಧವಾಗಿ ನಡೆಯುತ್ತಿರುವ ಈ ಸೇವೆ ಅದನ್ನು ಮಾಡುತ್ತಿದೆ.

ಒಂದು ಬೆಳಿಗ್ಗೆ ನ್ಯಾಯಮೂರ್ತಿಗಳು ಕೆಳಗಿನ ತೀರ್ಪಿನ ಪುಟ ತಿರುವುತ್ತ, ಆ ದಾಖಲೆಯ ಬಗ್ಗೆ ಇದರಲ್ಲಿ ಎಲ್ಲಿ ಬರೆದಿದೆ ತೋರಿಸಿ ಎಂದು ಎದುರು ಪಕ್ಷದ ವಕೀಲರನ್ನು ಕೇಳಿದರು. ವಕೀಲರು ಬೆರಳು ಒದ್ದೆ ಮಾಡಿಕೊಂಡು ಕಡತ ಹುಡುಕಿದರು, ಸಿಗಲಿಲ್ಲ. ಪ್ರಕರಣ ಮುಂದಕ್ಕೆ ಹೋಯಿತು. ಆ ಎರಡು ನಿಮಿಷ ನನಗೆ ಕೊಟ್ಟ ಸಮಾಧಾನವನ್ನು ಯಾವ ಆದೇಶದ ಪ್ರತಿಯೂ ಕೊಟ್ಟಿರಲಿಲ್ಲ.

2024ರ ಸೆಪ್ಟೆಂಬರಿನಲ್ಲಿ ಇದೇ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಕಲಾಪದ ವೇಳೆ ಆಡಿದ ಆಕ್ಷೇಪಾರ್ಹ ಮಾತುಗಳ ವಿಡಿಯೊ ಹರಡಿದಾಗ ಸುಪ್ರೀಂ ಕೋರ್ಟಿನ ಐವರ ಪೀಠ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಗಳು ವಿಷಾದ ವ್ಯಕ್ತಪಡಿಸಿದ ಮೇಲೆ ಪ್ರಕರಣ ಮುಗಿಯಿತು, ಪ್ರಸಾರ ನಿಲ್ಲಿಸುವುದು ಪರಿಹಾರವಲ್ಲ ಎಂದೂ ಪೀಠ ಹೇಳಿತು. ಕ್ಯಾಮೆರಾ ಇಲ್ಲದಿದ್ದರೆ ಆ ಮಾತುಗಳು ಆ ಕೋಣೆಯಲ್ಲೇ ಉಳಿಯುತ್ತಿದ್ದವು.

ದೊಡ್ಡ ಕೊರತೆ ಭಾಷೆಯದು. ಸಂವಿಧಾನದ 348ನೇ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್. ವಾದ ಮುಗಿದ ಕೂಡಲೇ ಅಮ್ಮ ನನ್ನ ಮುಖ ನೋಡುತ್ತಾರೆ. ತನ್ನದೇ ಜಾಗದ ವಿಚಾರವನ್ನು ಅವರು ನನ್ನ ಬಾಯಿಂದ ಕೇಳಬೇಕು. ತೆರೆಯ ಕೆಳಗೆ ಕನ್ನಡದಲ್ಲಿ ಸಾರಾಂಶ ಬಂದರೂ ಸಾಕಿತ್ತು. ತುಣುಕುಗಳನ್ನು ಅನುಮತಿಯಿಲ್ಲದೆ ಹಂಚುವಂತಿಲ್ಲ ಎಂಬ ನಿಯಮವನ್ನು ನಾನು ಒಪ್ಪುತ್ತೇನೆ, ವೈವಾಹಿಕ ಪ್ರಕರಣಗಳನ್ನು ಹೊರಗಿಟ್ಟಿರುವುದೂ ಸರಿಯೇ.

ಹೊಸಬರು ಹಿಂದಿನ ದಿನವೇ ಪ್ರಕರಣಗಳ ಪಟ್ಟಿಯಲ್ಲಿ ಕೋರ್ಟ್ ಹಾಲ್ ಸಂಖ್ಯೆ ಮತ್ತು ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಒಂದೊಂದು ಹಾಲಿನ ಪ್ರಸಾರ ಬೇರೆ ಬೇರೆ.