ಶಾಲೆಗೆ ಬಂದ ಸೇವಾ ಕಲಿಕೆ ಕಾರ್ಯಕ್ರಮ: ಮೊದಲ ವರ್ಷಕ್ಕೆ ನಾಲ್ಕು ಸ್ಟಾರ್, ಎರಡನೇ ವರ್ಷಕ್ಕೆ ಒಂದೂವರೆ

ತುಮಕೂರು ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು: ತುಮಕೂರು ಮತ್ತು ಮಧುಗಿರಿ. ಶಿರಾ, ಕೊರಟಗೆರೆ, ಪಾವಗಡ ಎಲ್ಲ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಅಲ್ಲಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ನನ್ನ ಮಗಳು ಓದುತ್ತಾಳೆ, ನಾನು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿ) ಯಲ್ಲಿದ್ದೇನೆ. ಹೊರಗಿನ ಒಂದು ಸಂಸ್ಥೆ ಉಚಿತವಾಗಿ ಸೇವಾ ಕಲಿಕೆ, ಅಂದರೆ ಊರಿಗೆ ಬೇಕಾದ ಕೆಲಸ ಮಾಡುತ್ತಲೇ ಪಾಠ ಕಲಿಯುವ ಕಾರ್ಯಕ್ರಮ ನಡೆಸಿತು. ಹೆಸರು ಬೇಡ ಬಿಡಿ.

ಮೊದಲು ಒಳ್ಳೆಯದು. ಶಾಲೆಯಲ್ಲಿ ಸೇವೆ ಅಂದರೆ ಗಾಂಧಿ ಜಯಂತಿಗೆ ಪೊರಕೆ ಹಿಡಿದು ಫೋಟೋ ತೆಗೆಸಿಕೊಳ್ಳುವುದು, ಅಲ್ವಾ? ಇದು ಹಾಗಿರಲಿಲ್ಲ. ನಮ್ಮ ಕಡೆಯ ನಿಜವಾದ ತೊಂದರೆಯನ್ನೇ ಹಿಡಿದುಕೊಂಡರು: ಬೋರ್‌ವೆಲ್ ನೀರಿನಲ್ಲಿರುವ, ಜಾಸ್ತಿಯಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್. ಮಕ್ಕಳು ಮನೆಯಿಂದ, ಬೀದಿಯ ಟ್ಯಾಂಕಿನಿಂದ, ತೋಟದ ಬೋರಿನಿಂದ ಬಾಟಲಿಯಲ್ಲಿ ನೀರು ತಂದು, ಕಿಟ್‌ನ ಹನಿ ಹಾಕಿ, ಬಣ್ಣವನ್ನು ಕಾರ್ಡಿನ ಜೊತೆ ಹೋಲಿಸಿ ಬರೆದಿಟ್ಟರು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ. ಆ ಅಂಕಿಗಳೇ ಗಣಿತದ ಪೀರಿಯಡ್‌ನಲ್ಲಿ ಗ್ರಾಫ್ ಆದವು, ಕನ್ನಡ ಪೀರಿಯಡ್‌ನಲ್ಲಿ ಪಿಡಿಒಗೆ ಬರೆದ ಪತ್ರವಾದವು, ಮಕ್ಕಳ ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿದ್ದೂ ಆಯಿತು. ನೀರು ಕುದಿಸಿದರೆ ಎಲ್ಲ ಹೋಗುತ್ತೆ ಅಂತ ನಂಬಿದ್ದ ಅಜ್ಜಿಗೆ ನನ್ನ ಮಗಳು, ಫ್ಲೋರೈಡ್ ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಜಾಸ್ತಿಯೇ ಆಗುತ್ತೆ ಅಂತ ಪಾಠ ಮಾಡಿದಳು. ಕೆಟ್ಟು ನಿಂತಿದ್ದ ಶುದ್ಧ ನೀರಿನ ಘಟಕವೂ ರಿಪೇರಿಯಾಯಿತು. ಪತ್ರದಿಂದಲೇ ಆಯಿತೋ, ಚುನಾವಣೆ ಹತ್ತಿರ ಬಂದದ್ದರಿಂದಲೋ, ಅದು ಬೇರೆ ಮಾತು.

ಎರಡನೇ ವರ್ಷ ಎಲ್ಲ ಠುಸ್. ತರಬೇತಿ ಪಡೆದಿದ್ದವರು ವಿಜ್ಞಾನದ ಮೇಷ್ಟ್ರು ಒಬ್ಬರೇ, ಅವರಿಗೆ ಕೌನ್ಸೆಲಿಂಗ್‌ನಲ್ಲಿ ವರ್ಗವಾಯಿತು. ಅವರ ಜಾಗಕ್ಕೆ ಬಂದ ಅತಿಥಿ ಶಿಕ್ಷಕರಿಗೆ ಯಾರೂ ಏನೂ ಹೇಳಿಕೊಡಲಿಲ್ಲ. ಕಿಟ್‌ನ ದ್ರಾವಣ ಮುಗಿಯಿತು. ಸಂಸ್ಥೆಗೆ ಫೋನ್ ಮಾಡಿದರೆ ಸಿಎಸ್‌ಆರ್ ಹಣ (ಕಂಪನಿಗಳು ಸಮಾಜ ಸೇವೆಗೆ ಕೊಡುವ ದುಡ್ಡು) ಒಂದೇ ವರ್ಷದ್ದು, ಈಗ ಬೇರೆ ತಾಲ್ಲೂಕಿನಲ್ಲಿದ್ದೇವೆ ಅಂದರು. ಸರಿ, ಆದರೆ ಅದನ್ನು ಮೊದಲೇ ಹೇಳಬಹುದಿತ್ತಲ್ಲ? ಬಿಇಒ ಆಫೀಸಿಗೂ ಹೋಗಿ ಬಂದೆವು. ನಮ್ಮ ಕಡತದಲ್ಲಿ ಇದು ಇಲ್ಲವೇ ಇಲ್ಲ ಅಂದರು.

ಇದೇ ನನ್ನ ತಕರಾರು: ಎಲ್ಲ ಒಬ್ಬರ ಮೇಲೆ ನಿಂತಿತ್ತು, ನಿಯಮವಾಗಿ ಎಲ್ಲೂ ಬರೆದಿರಲಿಲ್ಲ. ಕಾಲೇಜುಗಳಲ್ಲಿರುವ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) 1969ರಲ್ಲಿ ಶುರುವಾಗಿ ಇನ್ನೂ ನಡೆಯುತ್ತಿದೆ. ವರ್ಷಕ್ಕೆ 120 ಗಂಟೆ ಅಂತ ಲೆಕ್ಕವಿದೆ, ಕಾರ್ಯಕ್ರಮಾಧಿಕಾರಿ ಅಂತ ಒಬ್ಬರಿರುತ್ತಾರೆ, ಅವರು ಹೋದರೆ ಚಾರ್ಜ್ ಇನ್ನೊಬ್ಬರಿಗೆ. ಅಮೆರಿಕದಲ್ಲೂ ಇಂಥ ಕಲಿಕೆಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ‘ಲರ್ನ್ ಅಂಡ್ ಸರ್ವ್’ ಹಣ 2011ರಲ್ಲಿ ನಿಂತುಹೋಯಿತು. ಆದರೆ ಅಲ್ಲಿನ ಮೇರಿಲ್ಯಾಂಡ್ ರಾಜ್ಯದಲ್ಲಿ ಹೈಸ್ಕೂಲ್ ಮುಗಿಸಲು 75 ಗಂಟೆ ಸೇವೆ ಬೇಕು ಅನ್ನುವ ನಿಯಮ ಮೊದಲೇ ಇತ್ತು, ಹಣ ನಿಂತ ಮೇಲೂ ಅದು ಉಳಿಯಿತು. ನಿಯಮ ಬಂದರೆ ಕಾಟಾಚಾರವೂ ಬರುತ್ತದೆ, ಗೊತ್ತು. ಆದರೂ ಒಬ್ಬ ಮೇಷ್ಟ್ರ ಉತ್ಸಾಹದ ಮೇಲೆ ನಿಂತದ್ದು ಅವರ ಜೊತೆಗೇ ಬಸ್ ಹತ್ತುತ್ತದೆ.

ಸದ್ಯಕ್ಕೆ ಹತ್ತನೇ ಕ್ಲಾಸಿನವರನ್ನು ಮುಟ್ಟುವ ಹಾಗಿಲ್ಲ, ಬೆಳಿಗ್ಗೆ ಸಂಜೆ ಸ್ಪೆಷಲ್ ಕ್ಲಾಸ್. ಒಂಬತ್ತನೆಯವರೇ ಎಂಟನೆಯವರಿಗೆ ಹೇಳಿಕೊಡಲಿ, ಅದಕ್ಕೆ ಬ್ಯಾಗ್ ಇಲ್ಲದ ಶನಿವಾರ ಇಟ್ಟುಕೊಳ್ಳೋಣ ಅಂತ ಎಚ್‌ಎಂ ಮೇಡಂ ಒಪ್ಪಿದ್ದಾರೆ. ಕಿಟ್ ದುಡ್ಡು ಪಂಚಾಯಿತಿ ಕೊಡುತ್ತಾ ಅಂತ ಕೇಳಿದ್ದೇವೆ.

ನಿಮ್ಮ ಶಾಲೆಗೂ ಇಂಥವರು ಬಂದರೆ ಬೇಡ ಅನ್ನಬೇಡಿ, ಅಷ್ಟು ಚೆನ್ನಾಗಿ ಕಲಿಸುತ್ತಾರೆ. ಇಬ್ಬರು ಶಿಕ್ಷಕರಿಗಾದರೂ ತರಬೇತಿ ಕೊಡಿ ಅನ್ನಿ. ಮುಂದಿನ ವರ್ಷದ ಕಿಟ್ ಯಾರು ಕೊಡುತ್ತಾರೆ ಅಂತ ಬರೆಸಿಕೊಳ್ಳಿ, ಅದರ ಒಂದು ಪ್ರತಿಯನ್ನು ಬಿಇಒ ಆಫೀಸಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.