ಮಾಡಿನ ಇಳಿಜಾರು ಅಳೆಯುವ ಡಿಜಿಟಲ್ ಕೋನಮಾಪಕ: ಬಳಸಿ ನೋಡಿದ ಮೇಲೆ

ಕೊಡಗಿನ ನಾಪೋಕ್ಲು ಸಮೀಪದ ನಮ್ಮ ತೋಟದಲ್ಲಿ ಕಾಫಿ ದಾಸ್ತಾನಿಡಲು 24 ಅಡಿ ಅಗಲ, 40 ಅಡಿ ಉದ್ದದ ಗೋದಾಮು ಕಟ್ಟಿಸುವಾಗ, ಜಿಐ (ಸತು ಲೇಪಿತ ಕಬ್ಬಿಣ) ಪೈಪಿನ ಟ್ರಸ್ಸಿನ, ಅಂದರೆ ಮಾಡನ್ನು ಹೊರುವ ತ್ರಿಕೋನ ಚೌಕಟ್ಟಿನ, ಮೇಲೆ ಮಂಗಳೂರು ಹೆಂಚು ಹೊದಿಸುವುದೆಂದು ತೀರ್ಮಾನವಾದ ಕೂಡಲೇ ಡಿಜಿಟಲ್ ಕೋನಮಾಪಕವೊಂದನ್ನು 1,150 ರೂಪಾಯಿಗೆ ಆನ್‌ಲೈನ್‌ನಲ್ಲಿ ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪೆಟ್ಟಿಗೆ. ತಳದಲ್ಲಿ ಅಯಸ್ಕಾಂತ, ಮುಖದಲ್ಲಿ ಅಂಕಿ ಮೂಡುವ ಪರದೆ, ಮೂರು ಗುಂಡಿಗಳು. ಪೈಪಿಗೆ ಅಂಟಿಸಿಬಿಟ್ಟರೆ ಎರಡೂ ಕೈ ಬಿಡುವಾಗುತ್ತವೆ.

ಮೊದಲ ದಿನವೇ ಅದು ನಮ್ಮನ್ನು ಬೇಸ್ತು ಬೀಳಿಸಿತು. ನಮಗೆ ಬೇಕಿದ್ದುದು 30 ಡಿಗ್ರಿ. ವೆಲ್ಡರ್ ಪೈಪನ್ನು ಎತ್ತಿ ಹಿಡಿದು, ಪರದೆಯಲ್ಲಿ 30 ಬಂದೊಡನೆ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಹೊಡೆದರು. ಕೆಳಗೆ ನಿಂತು ನೋಡಿದರೆ ಟ್ರಸ್ಸು ಚಪ್ಪಟೆಯಾಗಿ ಕಂಡಿತು. ಸಂಶಯ ಬಂದು ಮಟ್ಟಗೋಲು ಇಟ್ಟು ಟೇಪು ಹಿಡಿದಾಗ, 12 ಇಂಚು ಅಡ್ಡಕ್ಕೆ ಪೈಪು ಏರಿದ್ದು ಮೂರೂವರೆ ಇಂಚಿಗಿಂತ ಕೂದಲೆಳೆಯಷ್ಟು ಹೆಚ್ಚು. 30 ಡಿಗ್ರಿಯಾಗಿದ್ದರೆ ಹತ್ತಿರಹತ್ತಿರ 7 ಇಂಚು ಏರಬೇಕಿತ್ತು. ಉಪಕರಣ ಸುಳ್ಳು ಹೇಳಿರಲಿಲ್ಲ. ಅದು ತೋರಿಸಿದ್ದು ಶೇಕಡಾ 30. ಪರದೆಯ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕದಾಗಿದ್ದ ಆ ಚಿಹ್ನೆಯನ್ನು ನಾವ್ಯಾರೂ ಗಮನಿಸಿರಲಿಲ್ಲ.

ಶೇಕಡಾ ಎಂದರೆ 100 ಅಡಿ ಅಡ್ಡಕ್ಕೆ ಎಷ್ಟು ಅಡಿ ಏರಿಕೆ ಎಂಬ ಲೆಕ್ಕ. ಹಾಗಾಗಿ ಶೇಕಡಾ 100 ಎಂದರೆ ನೆಟ್ಟಗಿನ ಗೋಡೆಯಲ್ಲ, 45 ಡಿಗ್ರಿ. ಶೇಕಡಾ 30 ಎಂದರೆ ಬರೀ 16.7 ಡಿಗ್ರಿ. ನಮ್ಮ 24 ಅಡಿ ಅಗಲದಲ್ಲಿ ನೆತ್ತಿಯವರೆಗಿನ ಅಡ್ಡ ಅಳತೆ 12 ಅಡಿ ಆದ್ದರಿಂದ, 30 ಡಿಗ್ರಿಗೆ ನೆತ್ತಿ 6 ಅಡಿ 11 ಇಂಚು ಏರಬೇಕು, ಸೂರಿನ ಚಾಚು ಬಿಟ್ಟು ಪಕಾಸಿನ (ನೆತ್ತಿಯಿಂದ ಸೂರಿಗೆ ಇಳಿಯುವ ಓರೆ ತೊಲೆಯ) ಉದ್ದ 13 ಅಡಿ 10 ಇಂಚು ಬೇಕು. ಶೇಕಡಾ 30ಕ್ಕೆ ನೆತ್ತಿಯ ಎತ್ತರ 3 ಅಡಿ 7 ಇಂಚು, ಪಕಾಸು 12 ಅಡಿ ಆರೂವರೆ ಇಂಚು. ಅದೇ ಅಳತೆಗೆ ಕತ್ತರಿಸಿಟ್ಟಿದ್ದ ಆರು ಪೈಪುಗಳು ಗಿಡ್ಡವಾಗಿ ಉಳಿದವು. ಹೆಂಚಿನ ಲೆಕ್ಕವೂ ತಪ್ಪುತ್ತಿತ್ತು: 960 ಚದರ ಅಡಿ ನೆಲಕ್ಕೆ 30 ಡಿಗ್ರಿಯ ಮಾಡು ಸುಮಾರು 1,108 ಚದರ ಅಡಿ, ಶೇಕಡಾ 30ರದ್ದು 1,002. ಚದರ ಮೀಟರಿಗೆ 15 ಹೆಂಚೆಂದು ಹಿಡಿದರೆ, ಸುಮಾರು 150 ಹೆಂಚಿನ ವ್ಯತ್ಯಾಸ.

ಶೀಟು ಹೊದಿಸುವುದಾದರೆ 16 ಡಿಗ್ರಿಯಲ್ಲೂ ಕೆಲಸ ನಡೆಯುತ್ತದೆ. ಹೆಂಚಿನ ಮಾತು ಬೇರೆ. ಒಂದರ ಮೇಲೊಂದು ಕೂರುವ ಹೆಂಚುಗಳ ಸಂದಿಗೆ ಆಷಾಢದ ಗಾಳಿ ಮಳೆಯನ್ನು ಕೆಳಗಿನಿಂದ ಮೇಲಕ್ಕೆ ಎರಚುತ್ತದೆ, ಇಳಿಜಾರು ಸಾಲದಿದ್ದರೆ ನೀರು ಕೆಳಗೆ ಓಡುವ ಬದಲು ಸಂದಿಯಲ್ಲೇ ತಡೆದು ಹೆಂಚು ಕೂರುವ ಅಡ್ಡಪಟ್ಟಿಯಾದ ರೀಪಿನ ಮೇಲೆ ಇಳಿಯುತ್ತದೆ. ಒಣಗಿಸಿಟ್ಟ ಕಾಫಿಗೆ ತೇವ ತಗುಲಿದರೆ ಆಗುವ ನಷ್ಟವನ್ನು ಕೊಡಗಿನವರಿಗೆ ವಿವರಿಸಬೇಕಿಲ್ಲ.

ಉಪಕರಣದ ನಿಖರತೆಯ ಬಗ್ಗೆ ನನಗೆ ದೂರಿಲ್ಲ. ಒಂದೇ ಜಾಗದಲ್ಲಿ ಇಟ್ಟು ಓದಿ, ಎಡಬಲ ತಿರುಗಿಸಿ ಮತ್ತೆ ಓದಿದಾಗ ಬಂದ ವ್ಯತ್ಯಾಸ 0.1 ಡಿಗ್ರಿ ಮಾತ್ರ. ಆದರೆ ಗ್ರೈಂಡಿಂಗ್ ಮಾಡುವಾಗ ಹಾರುವ ಕಬ್ಬಿಣದ ಪುಡಿಯೆಲ್ಲ ಅಯಸ್ಕಾಂತಕ್ಕೆ ಗಡ್ಡದಂತೆ ಮೆತ್ತಿಕೊಳ್ಳುತ್ತದೆ. ಒರೆಸದೆ ಇಟ್ಟಾಗ ಅರ್ಧ ಡಿಗ್ರಿಗೂ ಹೆಚ್ಚು ತಪ್ಪು ತೋರಿಸಿತು. ತಳದ ಉದ್ದ ಎರಡು ಇಂಚು ಮಾತ್ರವಾದ್ದರಿಂದ ವೆಲ್ಡಿಂಗಿನ ಸಣ್ಣ ಗಂಟೂ ಅದನ್ನು ವಾಲಿಸುತ್ತದೆ. ನಾವು ಮೂರು ಅಡಿಯ ನೇರ ಪಟ್ಟಿಯನ್ನು ಪೈಪಿನ ಮೇಲಿಟ್ಟು, ಅದಕ್ಕೆ ಅಂಟಿಸಿ ಓದಿದೆವು. ಜೂನ್ ತಿಂಗಳಲ್ಲಿ ಪರದೆಯ ಒಳಗೆ ಹಬೆ ಕಟ್ಟಿತು, ಒಲೆಯ ಪಕ್ಕ ಇಟ್ಟ ಮೇಲೆ ಹೋಯಿತು. ಅಳತೆಯ ಕ್ರಮ ಬದಲಿಸುವ ಗುಂಡಿಯಂತೂ ಜೇಬಿನಲ್ಲೇ ಒತ್ತಿಹೋಗುವಷ್ಟು ಸಡಿಲ. ವಿನ್ಯಾಸ ಮಾಡಿದವರು ಇದನ್ನು ಒಮ್ಮೆಯಾದರೂ ಜೇಬಿನಲ್ಲಿಟ್ಟು ಏಣಿ ಹತ್ತಿದ್ದಾರೆಯೇ ಎಂಬುದು ನನ್ನ ಅನುಮಾನ.

ಕಬ್ಬಿಣದ ಕೆಲಸಕ್ಕಾದರೆ ಕೊಟ್ಟ ಹಣಕ್ಕೆ ಮೋಸವಿಲ್ಲ, ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಹಳೆಯ ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಮರದ ಪಕಾಸು ಅಳೆಯಬೇಕಾದವರಿಗೆ ಅಯಸ್ಕಾಂತದಿಂದ ಪ್ರಯೋಜನವಿಲ್ಲ, ಅವರು ಮಟ್ಟಗೋಲು ಮತ್ತು ಟೇಪನ್ನೇ ನಂಬುವುದು ಮೇಲು. ನಮ್ಮ ವೆಲ್ಡರ್ ಈಗ ಉಪಕರಣವನ್ನು ಆನ್ ಮಾಡುವ ಮೊದಲು ಪೈಪಿನ ಮೇಲೆ ಸೀಮೆಸುಣ್ಣದಲ್ಲಿ 'ಅಡಿಗೆ 7 ಇಂಚು' ಎಂದು ಬರೆದುಕೊಳ್ಳುತ್ತಾರೆ.